ಗೃಹಿಣಿಯ ಟಿಪ್ಪಣಿ: ಎಸ್‌ಪ್ರೆಸೊ ಯಂತ್ರವೂ ನ್ಯಾಯವಾದ ಬೆಲೆಯೂ

ಸ್ಮರಣ ಸಂಚಿಕೆಯ ಈ ಅಂಕಣಕ್ಕೆ ಎರಡು ವರ್ಷಕ್ಕೊಮ್ಮೆ ಮನೆವಾರ್ತೆಯ ಒಂದು ಸಣ್ಣ ವಿಷಯವನ್ನು ಆರಿಸಿಕೊಳ್ಳುವುದು ನನ್ನ ರೂಢಿ. ಭಾಷೆ, ಸಂಸ್ಕೃತಿ, ಮುಂದಿನ ಪೀಳಿಗೆ ಮೊದಲಾದ ಗಂಭೀರ ವಿಚಾರಗಳನ್ನು ಬಲ್ಲವರು ಇದೇ ಸಂಪುಟದ ಬೇರೆ ಪುಟಗಳಲ್ಲಿ ಚರ್ಚಿಸಿರುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲಿನ ಸಂಗತಿಗಳನ್ನೂ ಯಾರಾದರೂ ಬರೆಯಬೇಕಷ್ಟೆ. ಈ ಸಲ ನಾನು ಎತ್ತಿಕೊಂಡಿರುವುದು, ಮನೆಗೊಂದು ಎಸ್‌ಪ್ರೆಸೊ ಯಂತ್ರವನ್ನು ಒಳ್ಳೆಯ ಬೆಲೆಗೆ ಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು. ಐರ್ಲೆಂಡಿನ ಅನೇಕ ಕನ್ನಡಿಗರ ಮನೆಗಳಲ್ಲಿ ಮಿಕ್ಸಿ, ಕುಕ್ಕರ್, ಇಡ್ಲಿ ತಟ್ಟೆಗಳ ಪಕ್ಕದಲ್ಲಿ ಹೊಳೆಯುವ ಉಕ್ಕಿನ ಯಂತ್ರವೊಂದು ಈಗಾಗಲೇ ಪೀಠವೇರಿದೆ, ಇಲ್ಲವೇ ಏರಲು ಕಾದಿದೆ. ಹಬ್ಬದ ಕೂಟಗಳಲ್ಲಿ ಹೆಂಗಸರು ಸೀರೆಯ ಬೆಲೆ ಕೇಳುವುದಕ್ಕಿಂತ ಹೆಚ್ಚು ಉತ್ಸಾಹದಿಂದ ಗಂಡಸರು ಈ ಯಂತ್ರದ ಬೆಲೆ ಕೇಳುವುದನ್ನು ನಾನು ಕಂಡಿದ್ದೇನೆ.

ಕಾಫಿಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಬಗೆಯ ಹಕ್ಕಿನ ಭಾವನೆ ಇದೆ. ಅದು ನಿರಾಧಾರವೇನಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯವನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಭಾರತದ ಕಾಫಿಯಲ್ಲಿ ಶೇಕಡಾ ೭೦ರಷ್ಟು ಇಂದಿಗೂ ಕೊಡಗು, ಚಿಕ್ಕಮಗಳೂರು, ಹಾಸನಗಳನ್ನೊಳಗೊಂಡ ಕರ್ನಾಟಕದ ಬೆಳೆ. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಮೈಸೂರು ಸರ್ಕಾರ ಆರಂಭಿಸಿದ ಕಾಫಿ ಸಂಶೋಧನಾ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ. ಬೆಂಗಳೂರು, ಮೈಸೂರುಗಳಲ್ಲಿ ಎದುರಾದವರನ್ನು ಕ್ಷೇಮಸಮಾಚಾರದ ಬದಲಿಗೆ 'ಕಾಫಿ ಆಯಿತೇ?' ಎಂದು ವಿಚಾರಿಸುವ ಜನ ನಾವು.

ಆದರೆ ನಾವು ಬಂದು ನೆಲೆಸಿದ ಈ ದ್ವೀಪ ಚಹಾದ ನಾಡು. ತಲಾ ಚಹಾ ಸೇವನೆಯಲ್ಲಿ ಐರ್ಲೆಂಡ್ ಪ್ರಪಂಚದ ಮುಂಚೂಣಿಯ ರಾಷ್ಟ್ರಗಳಲ್ಲೊಂದು. ಇಲ್ಲಿನ ಹಳ್ಳಿಯ ಮನೆಗಳಲ್ಲಿ ಅತಿಥಿಗೆ ಚಹಾ ಬೇಕೇ ಎಂದು ಕೇಳಿದರೆ ಆತ ಮೊದಲು ಬೇಡವೆನ್ನಬೇಕು, ಎರಡನೆಯ ಸಲವೂ ಬೇಡವೆನ್ನಬೇಕು, ಮೂರನೆಯ ಸಲ 'ನೀವು ಹೇಗಿದ್ದರೂ ಮಾಡುತ್ತಿದ್ದರೆ' ಎಂದು ಒಪ್ಪಿಕೊಳ್ಳಬೇಕು. ನಮ್ಮ ಉಪಚಾರದ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಕಂಡು ನಾನು ಬೆರಗಾಗಿದ್ದೇನೆ. ಕಾಫಿ ಇಲ್ಲಿ ಇರಲೇ ಇಲ್ಲವೆಂದೇನೂ ಅಲ್ಲ. ಡಬ್ಲಿನ್ನಿನ ಗ್ರಾಫ್ಟನ್ ಬೀದಿಯಲ್ಲಿ ೧೯೨೭ರಲ್ಲಿ ತೆರೆದ ಬ್ಯೂಲಿಸ್ ಕಾಫಿ ಮಂದಿರವೂ ಅದರಲ್ಲಿನ ಹ್ಯಾರಿ ಕ್ಲಾರ್ಕ್ ರಚಿಸಿದ ಬಣ್ಣದ ಗಾಜಿನ ಕಿಟಕಿಗಳೂ ಪ್ರಸಿದ್ಧ. ಲಿಮರಿಕ್ ಕೌಂಟಿಯ ಫಾಯ್ನ್ಸ್ ಎಂಬಲ್ಲಿ, ನೀರಿನ ಮೇಲಿಳಿಯುವ ವಿಮಾನಗಳ ನಿಲ್ದಾಣದಲ್ಲಿ, ೧೯೪೦ರ ದಶಕದಲ್ಲಿ ಜೋ ಶೆರಿಡನ್ ಎಂಬ ಬಾಣಸಿಗ ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗೆ ಕಾಫಿಗೆ ವಿಸ್ಕಿ ಬೆರೆಸಿ ಕೊಟ್ಟದ್ದೇ 'ಐರಿಷ್ ಕಾಫಿ' ಎಂದು ಜಗತ್ತಿನಲ್ಲೆಲ್ಲ ಹೆಸರಾಯಿತು. ಆದರೂ ಮನೆಮನೆಯಲ್ಲಿ ಕಾಫಿ ಕಾಯಿಸುವ ಗೀಳು ಇಲ್ಲಿ ಹಬ್ಬಿದ್ದು ಈಚೆಗೆ. ಅದರೊಂದಿಗೆ ಯಂತ್ರಗಳ ಮಾರುಕಟ್ಟೆಯೂ ಬೆಳೆಯಿತು.

ಕೊಳ್ಳುವ ಮುನ್ನ, ಕೊಳ್ಳುತ್ತಿರುವುದು ಏನನ್ನು ಎಂದು ತಿಳಿದಿರಬೇಕು. ನಮ್ಮ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನಲ್ಲಿ ಕೆಲಸ ಮಾಡುವುದು ಭೂಮಿಯ ಸೆಳೆತವೊಂದೇ. ಬಿಸಿನೀರು ಪುಡಿಯ ನಡುವೆ ತನ್ನ ಪಾಡಿಗೆ ಇಳಿಯುತ್ತದೆ. ಗಟ್ಟಿ ಡಿಕಾಕ್ಷನ್ನಿಗೆ ಹತ್ತು ಹದಿನೈದು ನಿಮಿಷ ಬೇಕು. ಇಟಲಿಯವರಿಗೆ ಈ ತಾಳ್ಮೆ ಇರಲಿಲ್ಲ. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ೧೮೮೪ರಲ್ಲಿ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮಿಲಾನಿನ ಲೂಯಿಜಿ ಬೆಜ್ಜೆರಾ ೧೯೦೧ರಲ್ಲಿ ಒಂದೊಂದು ಲೋಟವನ್ನು ಪ್ರತ್ಯೇಕವಾಗಿ ಇಳಿಸುವ ವಿಧಾನ ಕಂಡುಹಿಡಿದ. ಹಬೆಯ ಬದಲು ಸನ್ನೆ ಮತ್ತು ಸ್ಪ್ರಿಂಗಿನ ಬಲದಿಂದ ನೀರನ್ನು ಒತ್ತಿ, ಇಂದು ನಾವು ಕಾಣುವ ಚಿನ್ನದ ಬಣ್ಣದ ನೊರೆಯನ್ನು ತಂದವನು ಅಕಿಲೆ ಗಾಜಿಯಾ. ಅದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಮಾತು. ೧೯೬೧ರಲ್ಲಿ ಫೇಮಾ ಸಂಸ್ಥೆಯ ಇ-೬೧ ಎಂಬ ಯಂತ್ರ ವಿದ್ಯುತ್ ಪಂಪನ್ನು ಬಳಕೆಗೆ ತಂದಿತು. ಅಂದಿನಿಂದ ಸುಮಾರು ೯ ಬಾರ್ ಒತ್ತಡವೇ ಮಾನದಂಡ.

ಒಂಬತ್ತು ಬಾರ್ ಎಂದರೆ ಎಷ್ಟು? ೯೦ ಮೀಟರ್ ಎತ್ತರಕ್ಕೆ ನಿಲ್ಲಿಸಿದ ನೀರಿನ ಕಂಬವು ತನ್ನ ಬುಡದಲ್ಲಿ ಹೇರುವ ಒತ್ತಡ. ಜೋಗದ ಜಲಪಾತದ ಎತ್ತರ ೨೫೩ ಮೀಟರ್ ಎಂದಿಟ್ಟುಕೊಂಡರೆ, ಅದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅಷ್ಟು ಭಾರದಡಿ, ೯೦ರಿಂದ ೯೬ ಡಿಗ್ರಿ ಬಿಸಿಯಿರುವ ನೀರು ೧೮ ಗ್ರಾಂ ಪುಡಿಯ ಮೂಲಕ ೨೫–೩೦ ಸೆಕೆಂಡುಗಳಲ್ಲಿ ಹಾದು ೩೬ ಗ್ರಾಂನಷ್ಟು ಸಾರವಾಗಿ ಇಳಿದರೆ ಅದು ಒಳ್ಳೆಯ ಎಸ್‌ಪ್ರೆಸೊ. ಅಂಗಡಿಯ ಡಬ್ಬಿಯ ಮೇಲೆ ೧೫ ಬಾರ್, ೨೦ ಬಾರ್ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಅದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಕಾಫಿಗೆ ಬೇಕಾದ ಒತ್ತಡವಲ್ಲ. ಆದುದರಿಂದ ಅಂಕಿ ದೊಡ್ಡದೆಂದು ಹೆಚ್ಚು ಹಣ ತೆರುವುದು ವ್ಯರ್ಥ.

ಗಮನಿಸಬೇಕಾದ ಬೇರೆ ಮೂರು ಅಂಶಗಳಿವೆ. ಮೊದಲನೆಯದು ಬೀಸುವ ಯಂತ್ರ. ಪುಡಿ ಒಂದೇ ಸಮನಾಗಿ ನುಣ್ಣಗಿಲ್ಲದಿದ್ದರೆ ನೀರು ಸಡಿಲವಾದ ಕಡೆ ನುಗ್ಗಿ ಹೋಗುತ್ತದೆ. ಕಾಫಿ ಒಂದೆಡೆ ಹುಳಿ, ಒಂದೆಡೆ ಕಹಿ. ಅಲಗು ತಿರುಗಿ ಕತ್ತರಿಸುವ ಸಣ್ಣ ಮಿಕ್ಸಿ ಇದಕ್ಕೆ ಒದಗದು. ನಮ್ಮ ಬೀಸುಕಲ್ಲಿನಂತೆ ಎರಡು ಹಲ್ಲುಬಿಲ್ಲೆಗಳ ನಡುವೆ ಅರೆಯುವ ಗ್ರೈಂಡರ್ ಬೇಕು. ಹಣ ಸೀಮಿತವಾಗಿದ್ದರೆ ಯಂತ್ರದಲ್ಲಿ ಕಡಿಮೆ ಮಾಡಿ ಗ್ರೈಂಡರಿಗೆ ಹೆಚ್ಚು ಕೊಡಿ ಎಂದು ಬಲ್ಲವರು ಹೇಳುತ್ತಾರೆ. ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ವಿದ್ಯುತ್ತಿನದಕ್ಕಿಂತ ಅಗ್ಗ. ಎರಡನೆಯದು ಪುಡಿ ತುಂಬುವ ಬುಟ್ಟಿ. ಅಗ್ಗದ ಯಂತ್ರಗಳಲ್ಲಿ ಎರಡು ಪದರದ, ಒಂದೇ ಸೂಜಿರಂಧ್ರವಿರುವ ಬುಟ್ಟಿ ಇರುತ್ತದೆ. ಅದು ಯಾವ ಪುಡಿಯಿಂದಲೂ ಕೃತಕವಾಗಿ ನೊರೆ ಎಬ್ಬಿಸುತ್ತದೆ. ಅಂಗಡಿಯ ಸಿದ್ಧ ಪುಡಿಯನ್ನೇ ಬಳಸುವವರಿಗೆ ಅದು ಸಾಕು. ಬೀಜ ಬೀಸಿ ರುಚಿ ಹುಡುಕುವವರಿಗೆ ಒಂದೇ ಪದರದ ಬುಟ್ಟಿ ಬೇಕು. ಮೂರನೆಯದು ಬಿಡಿಭಾಗಗಳ ಲಭ್ಯತೆ. ರಬ್ಬರಿನ ಬಳೆಯೊಂದು ಸವೆದರೆ ಇಡೀ ಯಂತ್ರವನ್ನು ಎಸೆಯಬೇಕಾದುದು ಎಂದಿಗೂ ಅಗ್ಗವಲ್ಲ.

ಈಗ ಬೆಲೆಯ ವಿಚಾರ. ಐರ್ಲೆಂಡಿನಲ್ಲಿ ಕಾಫಿಬೀಜಕ್ಕೂ ಪುಡಿಗೂ ಮೌಲ್ಯವರ್ಧಿತ ತೆರಿಗೆ ಶೂನ್ಯ; ಯಂತ್ರಕ್ಕೆ ಶೇಕಡಾ ೨೩. ಈ ತೆರಿಗೆ ಅಂಗಡಿಯ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಹೊಸ ಯಂತ್ರಗಳು ನೂರು ಯೂರೋ ಆಸುಪಾಸಿನಿಂದ ಆರಂಭವಾಗಿ ಸಾವಿರವನ್ನು ದಾಟುತ್ತವೆ. ನವೆಂಬರಿನ 'ಬ್ಲ್ಯಾಕ್ ಫ್ರೈಡೇ' ಮತ್ತು ಕ್ರಿಸ್‌ಮಸ್ ನಂತರದ ಮಾರಾಟಗಳಲ್ಲಿ ಅರ್ಧ ಬೆಲೆ ಎಂಬ ಫಲಕಗಳು ಕಣ್ಣು ಕೋರೈಸುತ್ತವೆ. ಆ ಫಲಕವನ್ನು ಓದಲು ಕಾನೂನು ನಮಗೊಂದು ಕನ್ನಡಕ ಕೊಟ್ಟಿದೆ. ೨೦೨೨ರ ನವೆಂಬರಿನಿಂದ, ಬೆಲೆ ಇಳಿಸಿದ್ದೇವೆಂದು ಸಾರುವ ವ್ಯಾಪಾರಿ ಅದರ ಹಿಂದಿನ ೩೦ ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನೂ ತೋರಿಸಲೇಬೇಕು. ಎರಡು ಬೆಲೆಗಳಲ್ಲಿ ಹಳೆಯದನ್ನು ಮೊದಲು ಓದಿರಿ.

ಬ್ರಿಟನ್ನಿನ ಅಂಗಡಿಗಳಲ್ಲಿ ಬೆಲೆ ಕಡಿಮೆ ಕಾಣುತ್ತದೆಂದು ತರಿಸಿಕೊಳ್ಳುವವರು ನಮ್ಮಲ್ಲಿ ಅನೇಕರು. ಪ್ಲಗ್ಗು ಒಂದೇ, ಭಾಷೆ ಒಂದೇ. ಆದರೆ ೨೦೨೧ರ ಜನವರಿ ೧ರಿಂದ ಆ ದೇಶ ಯೂರೋಪಿನ ಒಕ್ಕೂಟದ ಮಾರುಕಟ್ಟೆಯ ಹೊರಗಿದೆ. ಅಲ್ಲಿಂದ ಬರುವ ಸರಕಿಗೆ ಇಲ್ಲಿನ ಶೇಕಡಾ ೨೩ ತೆರಿಗೆ ಬೀಳುತ್ತದೆ, ಅದೂ ಸಾಗಾಟದ ವೆಚ್ಚವನ್ನೂ ಸೇರಿಸಿ. ಬೆಲೆ ೧೫೦ ಯೂರೋ ದಾಟಿದರೆ, ಯಂತ್ರ ಬ್ರಿಟನ್ನಿನಲ್ಲೇ ತಯಾರಾದದ್ದಲ್ಲದಿದ್ದಲ್ಲಿ ಆಮದು ಸುಂಕವೂ ಸೇರಬಹುದು. ಬಾಗಿಲಿಗೆ ಬಂದ ಪೊಟ್ಟಣವನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಉಳಿತಾಯವೆಲ್ಲ ಕರಗಿರುತ್ತದೆ. ಉತ್ತರ ಐರ್ಲೆಂಡಿನ ಮಾತು ಬೇರೆ. ಗಡಿಯಾಚೆಯ ನ್ಯೂರಿ ಪಟ್ಟಣಕ್ಕೆ ಕಾರಿನಲ್ಲಿ ಹೋಗಿ ಸಾಮಾನು ತರುವುದು ಇಲ್ಲಿನವರ ಹಳೆಯ ಅಭ್ಯಾಸ. ಅಲ್ಲಿ ಕೊಂಡು ಮನೆಗೆ ತಂದ ವಸ್ತುವಿಗೆ ಗಡಿಯಲ್ಲಿ ಸುಂಕವಿಲ್ಲ. ಆದರೆ ಪೌಂಡಿನ ವಿನಿಮಯ, ಪೆಟ್ರೋಲು, ಕೆಟ್ಟರೆ ಮತ್ತೆ ಅಲ್ಲಿಗೇ ಹೋಗಬೇಕಾದ ಸಮಯ, ಇವುಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಇಟಲಿ, ಜರ್ಮನಿಗಳಿಂದ ತರಿಸಿದರೆ ಸುಂಕವಿಲ್ಲ, ತೆರಿಗೆ ಇಲ್ಲಿನದೇ. ಆದರೆ ಎರಡು ಕಡ್ಡಿಯ ಪ್ಲಗ್ಗನ್ನು ಮೂರು ಕಡ್ಡಿಯದಕ್ಕೆ ಬದಲಿಸಿಕೊಳ್ಳಬೇಕು. ಅಮೆರಿಕದಿಂದ ಸಮ್ಮೇಳನಕ್ಕೆ ಬರುವ ಬಂಧುಗಳ ಕೈಯಲ್ಲಿ ತರಿಸುವ ಆಲೋಚನೆ ಯಾರಿಗಾದರೂ ಇದ್ದರೆ ಈಗಲೇ ಕೈಬಿಡಿ. ಅಲ್ಲಿಯದು ೧೨೦ ವೋಲ್ಟ್, ಇಲ್ಲಿಯದೂ ಭಾರತದ್ದೂ ೨೩೦ ವೋಲ್ಟ್. ಪ್ಲಗ್ಗನ್ನು ಬದಲಿಸಬಹುದು, ವೋಲ್ಟೇಜನ್ನಲ್ಲ.

ಹಕ್ಕುಗಳನ್ನು ತಿಳಿದಿರುವುದೂ ಬೆಲೆಯ ಒಂದು ಭಾಗವೇ. ಐರ್ಲೆಂಡಿನ ಗ್ರಾಹಕ ಹಕ್ಕುಗಳ ಅಧಿನಿಯಮ ೨೦೨೨ರಲ್ಲಿ ಜಾರಿಗೆ ಬಂದಿತು. ಕೊಂಡ ವಸ್ತು ದೋಷಪೂರಿತವಾಗಿದ್ದರೆ ೩೦ ದಿನಗಳೊಳಗೆ ಹಿಂದಿರುಗಿಸಿ ಪೂರ್ಣ ಹಣ ಕೇಳಬಹುದು. ಮೊದಲ ೧೨ ತಿಂಗಳಲ್ಲಿ ಕಾಣಿಸಿಕೊಂಡ ದೋಷ ಮೊದಲೇ ಇತ್ತೆಂದು ಕಾನೂನು ಭಾವಿಸುತ್ತದೆ; ಹಾಗಲ್ಲವೆಂದು ಸಾಧಿಸುವ ಹೊಣೆ ಅಂಗಡಿಯವರದು. ಪರಿಹಾರ ಕೇಳುವ ಅವಧಿ ಆರು ವರ್ಷ. 'ಕಂಪನಿಯ ವಾರಂಟಿ ಮುಗಿಯಿತು' ಎಂಬ ಉತ್ತರ ಕೇಳಿ ತಲೆ ತಗ್ಗಿಸಿ ಹೊರಬರುವ ಅಗತ್ಯವಿಲ್ಲ. ಮನೆಯಲ್ಲೇ ಕುಳಿತು ಯೂರೋಪಿನ ಒಕ್ಕೂಟದ ವ್ಯಾಪಾರಿಯಿಂದ ತರಿಸಿದ್ದಾದರೆ ಕಾರಣವನ್ನೇ ಹೇಳದೆ ೧೪ ದಿನಗಳಲ್ಲಿ ಒಪ್ಪಂದ ರದ್ದುಪಡಿಸಬಹುದು. ವ್ಯಾಜ್ಯವೇ ಆದರೆ ೨,೦೦೦ ಯೂರೋವರೆಗಿನ ಸಣ್ಣ ದಾವೆಗಳನ್ನು ವಕೀಲರಿಲ್ಲದೆ ಜಿಲ್ಲಾ ನ್ಯಾಯಾಲಯದ ಕಚೇರಿಯಲ್ಲಿ ೨೫ ಯೂರೋ ಕಟ್ಟಿ ಹೂಡಬಹುದು. ಹೊಸ ಯಂತ್ರ ಕೊಂಡಾಗ ಹಳೆಯದನ್ನು ಅಂಗಡಿಯವರು ಉಚಿತವಾಗಿ ಹಿಂದೆ ಪಡೆಯಲೇಬೇಕೆಂಬ ನಿಯಮವೂ ಇದೆ. ನಮ್ಮ ಜನ ಪರದೇಶದಲ್ಲಿ ಜಗಳ ಬೇಡವೆಂದು ಎಷ್ಟೋ ಹಣ ಬಿಟ್ಟುಬಿಡುತ್ತಾರೆ. ಹಕ್ಕು ಕೇಳುವುದು ಜಗಳವಲ್ಲ.

ಉಳಿತಾಯದ ಲೆಕ್ಕವನ್ನು ಈಗ ನೋಡೋಣ. ಡಬ್ಲಿನ್ನಿನಲ್ಲಿ ಹೊರಗೆ ಕುಡಿಯುವ ಒಂದು ಹಾಲು ಕಾಫಿಗೆ ನಾಲ್ಕು ಯೂರೋ ಎಂದಿಟ್ಟುಕೊಳ್ಳಿ. ಮನೆಯಲ್ಲಿ, ಕಿಲೋಗೆ ೨೨ ಯೂರೋ ಬೀಜವಾದರೆ ೧೮ ಗ್ರಾಂಗೆ ೪೦ ಸೆಂಟ್. ಹಾಲಿಗೆ ೨೦ ಸೆಂಟ್. ಒಟ್ಟು ೬೦ ಸೆಂಟ್. ಲೋಟವೊಂದಕ್ಕೆ ಉಳಿತಾಯ ೩ ಯೂರೋ ೪೦ ಸೆಂಟ್. ವಾರಕ್ಕೆ ಐದು ಲೋಟ ಹೊರಗೆ ಕುಡಿಯುತ್ತಿದ್ದವರು ಅದನ್ನು ನಿಲ್ಲಿಸಿದರೆ ವಾರಕ್ಕೆ ೧೭ ಯೂರೋ. ಯಂತ್ರ, ಗ್ರೈಂಡರ್ ಸೇರಿ ೪೦೦ ಯೂರೋ ಆಗಿದ್ದರೆ ಇಪ್ಪತ್ತನಾಲ್ಕು ವಾರಗಳಲ್ಲಿ ಹಣ ಮರಳುತ್ತದೆ. ಆದರೆ ಈ ಲೆಕ್ಕದಲ್ಲಿ ಒಂದು ಗುಟ್ಟಿದೆ. ಯಂತ್ರ ಉಳಿಸುವುದು ಹೊರಗೆ ಕೊಳ್ಳದೆ ಬಿಟ್ಟ ಲೋಟವನ್ನು ಮಾತ್ರ. ಮೊದಲಿನಿಂದಲೂ ಮನೆಯ ಫಿಲ್ಟರಿನಲ್ಲೇ ಕುಡಿಯುತ್ತಿದ್ದವರಿಗೆ ಯಂತ್ರದಿಂದ ಒಂದು ಸೆಂಟೂ ಉಳಿಯದು; ಅವರ ಪಾಲಿಗೆ ಅದು ಶುದ್ಧ ಖರ್ಚು. ಸಂತೋಷಕ್ಕಾಗಿ ಖರ್ಚು ಮಾಡುವುದು ಅಪರಾಧವಲ್ಲ, ಆದರೆ ಅದನ್ನು ಉಳಿತಾಯವೆಂದು ಕರೆಯಬಾರದು.

ಕ್ಯಾಪ್ಸೂಲ್ ಯಂತ್ರಗಳದು ಇನ್ನೊಂದು ಬಗೆ. ನೆಸ್ಲೆ ಕಂಪನಿ ೧೯೮೬ರಲ್ಲಿ ಮಾರುಕಟ್ಟೆಗೆ ತಂದ ನೆಸ್‌ಪ್ರೆಸೊ ಇವುಗಳ ಹಿರಿಯಣ್ಣ. ಯಂತ್ರ ಅಗ್ಗ, ಕೆಲಸ ಸುಲಭ, ಕೊಳೆ ಕಡಿಮೆ. ಆದರೆ ಗುಂಡಿಯೊಂದರಲ್ಲಿ ಸುಮಾರು ೫ ಗ್ರಾಂ ಪುಡಿಯಿದ್ದು ಅದರ ಬೆಲೆ ೪೫ ಸೆಂಟ್ ಆದರೆ, ಕಿಲೋ ಪುಡಿಗೆ ನಾವು ತೆರುತ್ತಿರುವುದು ೯೦ ಯೂರೋ. ಇಬ್ಬರೇ ಇರುವ, ದಿನಕ್ಕೆರಡು ಲೋಟ ಕುಡಿಯುವ ಮನೆಗೆ ಅದು ಸರಿಹೋಗಬಹುದು. ನೆಂಟರಿಷ್ಟರು ತುಂಬುವ ನಮ್ಮಂಥ ಮನೆಗಳಿಗೆ ಅಲ್ಲ. ಒಲೆಯ ಮೇಲಿಡುವ ಮೋಕಾ ಪಾತ್ರೆಯನ್ನೂ ಮರೆಯಬಾರದು. ೧೯೩೩ರಲ್ಲಿ ಇಟಲಿಯ ಬಿಯಾಲೆಟ್ಟಿ ಸಂಸ್ಥೆಯಿಂದ ಬಂದ ಈ ಪುಟ್ಟ ಅಲ್ಯೂಮಿನಿಯಂ ಪಾತ್ರೆ ಒಂದೆರಡು ಬಾರ್ ಒತ್ತಡದಲ್ಲಿ, ನಮ್ಮ ಡಿಕಾಕ್ಷನ್ನಿಗೂ ಎಸ್‌ಪ್ರೆಸೊಗೂ ನಡುವಿನ ಒಂದು ಸಾರವನ್ನು, ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿಗೆ ಕೊಡುತ್ತದೆ.

ನಮ್ಮ ಮನೆಯ ಯಂತ್ರ ಬಂದದ್ದು ಎರಡನೆಯ ಕೈಯಿಂದ. ಕಿಲ್ಡೇರ್ ಕೌಂಟಿಯ ನಿವೃತ್ತ ಶಾಲಾ ಶಿಕ್ಷಕರೊಬ್ಬರು ತಮ್ಮ ಗಾಜಿಯಾ ಕ್ಲಾಸಿಕ್ಕನ್ನು ಮಾರುತ್ತಿದ್ದರು. ೧೯೯೧ರಿಂದ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ತಯಾರಾಗುತ್ತ ಬಂದಿರುವ ಈ ಮಾದರಿಯ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ ಎಂಬುದೇ ನನಗೆ ಮುಖ್ಯವಾಗಿತ್ತು. ಖಾಸಗಿ ವ್ಯಕ್ತಿಯಿಂದ ಕೊಂಡ ವಸ್ತುವಿಗೆ ಗ್ರಾಹಕ ಅಧಿನಿಯಮದ ರಕ್ಷಣೆ ಇರುವುದಿಲ್ಲ. ಆದುದರಿಂದ ಹಣ ಕೊಡುವ ಮುನ್ನ ಅವರ ಅಡುಗೆಮನೆಯಲ್ಲೇ ಯಂತ್ರ ಬಿಸಿಯಾಗುವವರೆಗೆ ಕುಳಿತು, ನೀರು ಹರಿಯುವ ವೇಗ, ಹಬೆಯ ಬಲ, ತಳದಲ್ಲಿ ಸೋರಿಕೆ, ಎಲ್ಲವನ್ನೂ ನೋಡಿದೆ. ಆ ಹಿರಿಯರು ಸಹನೆಯಿಂದ ತೋರಿಸಿದರು. ಕೊನೆಗೆ ನಮಗೆ ಕುಡಿಯಲು ಕೊಟ್ಟದ್ದು ಮಾತ್ರ ಚಹಾ. ೧೭೦ ಯೂರೋ ಕೊಟ್ಟೆವು. ರಬ್ಬರು ಬಳೆ, ಜರಡಿಬಿಲ್ಲೆಗಳನ್ನು ಬದಲಿಸಲು ಇನ್ನಿಪ್ಪತ್ತು ಯೂರೋ. ಅಂಗಡಿಯವರೇ ರಿಪೇರಿ ಮಾಡಿ ಮಾರುವ ಹಳೆಯ ಯಂತ್ರಗಳೂ ಸಿಗುತ್ತವೆ. ಅವುಗಳ ಬೆಲೆ ಇದಕ್ಕಿಂತ ಹೆಚ್ಚಾದರೂ ಅವುಗಳಿಗೆ ಕಾನೂನಿನ ರಕ್ಷಣೆ ಇರುವುದರಿಂದ ಹೊಸದಾಗಿ ಬಂದವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಆದರೆ ಬೆಲೆ ಎಂಬುದು ಹಣ ಕೊಟ್ಟ ದಿನಕ್ಕೆ ಮುಗಿಯುವುದಿಲ್ಲ. ಯಂತ್ರಕ್ಕೆ ದಿನವೂ ಸೇವೆ ಬೇಕು. ಹನಿತಟ್ಟೆ ಖಾಲಿಮಾಡಬೇಕು, ಹಾಲು ಕಾಯಿಸುವ ಕೊಳವೆಯನ್ನು ಒಡನೆಯೇ ಒರೆಸಬೇಕು, ಜರಡಿಯ ಎಣ್ಣೆಜಿಡ್ಡು ತೆಗೆಯಬೇಕು. ಐರ್ಲೆಂಡಿನ ನಡುನಾಡು ಸುಣ್ಣಕಲ್ಲಿನ ಬಯಲು. ಅಲ್ಲಿ ನೀರು ಗಡಸು. ಕೆಟಲಿನ ತಳದಲ್ಲಿ ಬಿಳಿಯ ಪೊರೆ ಕಟ್ಟುವ ಊರುಗಳಲ್ಲಿ ಅದೇ ಪೊರೆ ಯಂತ್ರದ ಹೊಟ್ಟೆಯೊಳಗೂ ಕಟ್ಟುತ್ತದೆ. ವಿಕ್ಲೋ ಬೆಟ್ಟಗಳ ನೀರು ಬರುವ ಡಬ್ಲಿನ್ ಭಾಗಗಳಲ್ಲಿ ತೊಂದರೆ ಕಡಿಮೆ. ಸೋಸಿದ ನೀರು, ನಿಯಮಿತವಾಗಿ ಪೊರೆ ತೆಗೆಯುವ ದ್ರಾವಣ, ಇವೆರಡರ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಇವೆಲ್ಲವನ್ನೂ ಮಾಡುವವರು ಯಾರು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಈ ಕೊನೆಯ ಮಾತನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ನಮ್ಮ ತಾಯಂದಿರ ಕಾಲದಲ್ಲಿ ಬೆಳಗಿನ ಮೊದಲ ಡಿಕಾಕ್ಷನ್ ಹೆಂಗಸರ ಕೈಯದು. ನೀರು ಎಷ್ಟು, ಪುಡಿ ಎಷ್ಟು ಎಂದು ಗಂಡಸರು ವಿಚಾರಿಸಿದ್ದನ್ನು ನಾನು ಕಾಣೆ. ಯಂತ್ರ ಬಂದ ಮೇಲೆ ಅದೇ ಗಂಡಸರು ತಕ್ಕಡಿ ಹಿಡಿದು ಗ್ರಾಂ ಲೆಕ್ಕದಲ್ಲಿ ಪುಡಿ ತೂಗುತ್ತಾರೆ, ಸೆಕೆಂಡು ಎಣಿಸುತ್ತಾರೆ. ಇದು ಸಂತೋಷದ ವಿಷಯ. ಆದರೆ ಕಾಫಿ ಮಾಡಿದ ಕೀರ್ತಿ ಒಬ್ಬರಿಗೆ, ತೊಳೆಯುವ ಕೆಲಸ ಇನ್ನೊಬ್ಬರಿಗೆ ಎಂದಾದರೆ ಆ ಯಂತ್ರ ಎಷ್ಟು ಅಗ್ಗವಾಗಿ ದೊರೆತರೂ ದುಬಾರಿಯೇ.

ಇದಕ್ಕೆ ಪ್ರತಿಯಾದ ಒಂದು ಸಂಗತಿಯನ್ನೂ ಹೇಳುವುದು ನ್ಯಾಯ. ನಮ್ಮ ಪರಿಚಯದ ಯುವ ದಂಪತಿಗಳು, ಆಕೆ ದಾದಿ, ಮನೆ ಕೊಳ್ಳಲು ಮುಂಗಡ ಹಣ ಕೂಡಿಸುತ್ತಿರುವವರು, ಯಂತ್ರ ಕೊಳ್ಳಲೇ ಬೇಡವೇ ಎಂದು ನನ್ನನ್ನು ಕೇಳಿದರು. ಮೇಲಿನ ಲೆಕ್ಕವನ್ನೇ ಅವರ ಮುಂದಿಟ್ಟೆ. ರಾತ್ರಿಪಾಳಿ ಮುಗಿದ ಬೆಳಿಗ್ಗೆ ಆಕೆ ಬಸ್ಸು ಹತ್ತುವ ಮುನ್ನ ಹೊರಗೆ ಒಂದು ಕಾಫಿ ಕುಡಿಯುತ್ತಿದ್ದಳು. 'ಅಮ್ಮಾ, ಆ ಕಾಫಿ ರುಚಿಗಲ್ಲ. ಹನ್ನೆರಡು ಗಂಟೆ ನಿಂತ ಮೇಲೆ ಯಾರಾದರೂ ನನ್ನ ಕೈಗೆ ಏನಾದರೂ ತಂದುಕೊಡಲಿ ಎನ್ನಿಸುತ್ತದೆ' ಎಂದಳು. ನನ್ನ ಲೆಕ್ಕದ ಪುಸ್ತಕದಲ್ಲಿ ಆ ಮಾತಿಗೆ ಕಂಬಸಾಲು ಇರಲಿಲ್ಲ. ಅವರು ರಿಪೇರಿಯಾದ ಸಣ್ಣ ಯಂತ್ರವೊಂದನ್ನು ಕೊಂಡರು. ಈಗ ಆಕೆ ಮನೆ ತಲುಪುವ ಹೊತ್ತಿಗೆ, ಕೆಲಸಕ್ಕೆ ಹೊರಡುವ ಮುನ್ನ, ಪತಿ ಲೋಟ ಸಿದ್ಧಮಾಡಿ ಕೊಡುತ್ತಾನೆ. ಹದಿನೈದು ನಿಮಿಷ ಇಬ್ಬರೂ ಒಟ್ಟಿಗೆ ಕೂರುತ್ತಾರೆ. ವಾರದ ಹೆಚ್ಚಿನ ದಿನಗಳಲ್ಲಿ ಅವರಿಗೆ ಸಿಗುವುದು ಅಷ್ಟೇ ಸಮಯ.

ನಮ್ಮ ಊರಿನ ಪುಡಿಯನ್ನು ಈ ಯಂತ್ರಕ್ಕೆ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಚಿಕೋರಿ ಬೆರೆತ ಪುಡಿ ನೀರು ತಗುಲಿದೊಡನೆ ಅಂಟಂಟಾಗಿ ಜರಡಿಯನ್ನು ಕಟ್ಟಿಬಿಡುತ್ತದೆ. ಅದನ್ನು ಫಿಲ್ಟರಿಗೇ ಮೀಸಲಿಡಿ. ಯಂತ್ರ ಬಂದಿತೆಂದು ಫಿಲ್ಟರನ್ನು ಅಟ್ಟಕ್ಕೆ ಸೇರಿಸಬೇಡಿ. ಎಂಟು ಜನ ನೆಂಟರು ಒಟ್ಟಿಗೆ ಬಂದಾಗ ಒಂದೊಂದೇ ಲೋಟ ಇಳಿಸುವ ಯಂತ್ರ ಸೋಲುತ್ತದೆ. ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ ಗೆಲ್ಲುತ್ತದೆ. ಚಿಕೋರಿಯಿಲ್ಲದ, ಊರಿನ ತೋಟದ ಬೀಜವಾದರೆ ಯಂತ್ರಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್‌ಪ್ರೆಸೊ ಮೇಲಿನ ದಪ್ಪ ನೊರೆಗೂ ಮೈಕಟ್ಟಿಗೂ ರೊಬಸ್ಟಾ ಬೀಜ ಬೇಕು. ಭಾರತದ ಬೆಳೆಯಲ್ಲಿ ಹೆಚ್ಚಿನ ಪಾಲು ರೊಬಸ್ಟಾ, ಅದರಲ್ಲಿ ಕೊಡಗಿನದು ದೊಡ್ಡ ಪಾಲು. ಮಂಗಳೂರಿನ ಕಡೆಯ ಮಳೆಗಾಳಿಗೆ ಒಡ್ಡಿ ಹದಮಾಡಿದ 'ಮಾನ್ಸೂನ್ಡ್ ಮಲಬಾರ್' ಎಂಬ ಬೀಜವೂ ಎಸ್‌ಪ್ರೆಸೊ ಮಿಶ್ರಣಗಳಲ್ಲಿ ಹೆಸರುವಾಸಿ. ಇಲ್ಲಿನ ಅಂಗಡಿಯಲ್ಲಿ ಇಟಲಿಯ ಹೆಸರು ಹೊತ್ತ ಪೊಟ್ಟಣವನ್ನು ಕೈಗೆತ್ತಿಕೊಳ್ಳುವಾಗ, ಅದರೊಳಗೆ ಸೋಮವಾರಪೇಟೆಯದೋ ಸಕಲೇಶಪುರದ್ದೋ ಬೀಜ ಇರುವ ಸಾಧ್ಯತೆ ಸಣ್ಣದಲ್ಲ.

ಆದ್ದರಿಂದ 'ಒಳ್ಳೆಯ ಬೆಲೆ' ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ನಾನು ಕಾಲೇಜಿನಲ್ಲಿದ್ದ ದಿನಗಳಲ್ಲಿ, ೧೯೪೨ರ ಕಾನೂನಿನ ಪ್ರಕಾರ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದರು. ೧೯೯೨ರಿಂದ ಆ ವ್ಯವಸ್ಥೆ ಸಡಿಲಗೊಂಡು ೧೯೯೬ರಲ್ಲಿ ಮುಕ್ತಾಯವಾಯಿತು. ಬೆಳೆಗಾರ ಜಗತ್ತಿನ ಮಾರುಕಟ್ಟೆಯ ಎದುರು ನೇರವಾಗಿ ನಿಂತ. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಬೆಲೆ ನೆಲಕಚ್ಚಿದಾಗ ಮಲೆನಾಡಿನ ಸಣ್ಣ ಬೆಳೆಗಾರರು ಅನುಭವಿಸಿದ ಕಷ್ಟ ಆ ಭಾಗದಿಂದ ಬಂದವರಿಗೆಲ್ಲ ಗೊತ್ತು. ಬ್ರೆಜಿಲ್, ವಿಯೆಟ್ನಾಂಗಳ ಬೆಳೆ ಬರಕ್ಕೆ ಸಿಕ್ಕ ಬಳಿಕ, ೨೦೨೫ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿತು. ಇಲ್ಲಿ ನಮ್ಮ ಪೊಟ್ಟಣದ ಬೆಲೆ ಏರಿತೆಂದು ಗೊಣಗಿದ ಆ ತಿಂಗಳುಗಳಲ್ಲಿ, ಊರಿನ ತೋಟಗಳಲ್ಲಿ ಹಳೆಯ ಸಾಲ ತೀರಿಸಿದವರೂ ಇದ್ದರು. ಒಂದೇ ಬೆಲೆ ಒಂದು ತುದಿಯಲ್ಲಿ ಹೊರೆ, ಇನ್ನೊಂದು ತುದಿಯಲ್ಲಿ ಆಸರೆ.

ಯಂತ್ರದ ಬೆಲೆಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಅದು ಒಂದೇ ಸಲ ಕೊಡುವ ಹಣ, ಅದರಲ್ಲಿ ಜಾಹೀರಾತಿನ ಪಾಲು ದೊಡ್ಡದು. ಬೀಜದ ಬೆಲೆಯಲ್ಲಿ ಸ್ವಲ್ಪ ಧಾರಾಳವಾಗಿರಿ. ತೋಟದ ಹೆಸರು, ಊರಿನ ಹೆಸರು ಬರೆದ ಪೊಟ್ಟಣ ಸಿಕ್ಕರೆ ಎರಡು ಯೂರೋ ಹೆಚ್ಚಾದರೂ ಕೊಳ್ಳಿ. ಹನಿತಟ್ಟೆ ತೊಳೆಯುವ ಸರದಿಯನ್ನು ಯಂತ್ರ ಮನೆಗೆ ಬರುವ ಮೊದಲೇ ಗೊತ್ತುಪಡಿಸಿಕೊಳ್ಳಿ. ಈ ಮೂರನ್ನು ಪಾಲಿಸಿದವರಿಗೆ ಯಾವ ಯಂತ್ರವಾದರೂ ನಷ್ಟವಾಗದೆಂಬುದು ನನ್ನ ನಮ್ರ ಅಭಿಪ್ರಾಯ. ಐರ್ಲೆಂಡಿನ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಎರಡು ಸಲ ಬೇಡವೆನ್ನುವ ಶಾಸ್ತ್ರವನ್ನು ಬಿಟ್ಟು, ಫಿಲ್ಟರಿನದು ಬೇಕೋ ಯಂತ್ರದ್ದು ಬೇಕೋ ಎಂಬುದನ್ನು ಮಾತ್ರ ಮೊದಲೇ ತಿಳಿಸಿ.